ಟ್ರೈಲರ್‌ನ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿ ಹಿಡಿಯುವುದು ಹೇಗೆ?

ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಯಂತ್ರ ಹೊತ್ತು ಹೊರಟಿದ್ದ ಎರಡು ದೈತ್ಯ ಟ್ರೈಲರ್‌ಗಳು 2022ರ ಸೆಪ್ಟೆಂಬರ್‌ನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಅಡಿವಾರಂನಲ್ಲಿ ನಿಂತುಬಿಟ್ಟವು. ಎದುರಿಗಿದ್ದದ್ದು ತಾಮರಶ್ಶೇರಿ ಚುರಂ. ಒಂಬತ್ತು ಹೇರ್‌ಪಿನ್ ತಿರುವು. ಮೂರು ತಿಂಗಳು ಕಾದ ಮೇಲೆ ಡಿಸೆಂಬರ್ 22ರ ರಾತ್ರಿ ಬೇರೆ ವಾಹನಗಳನ್ನೆಲ್ಲ ತಡೆದು ಅವುಗಳನ್ನು ವಯನಾಡಿನ ಕಡೆಗೆ ಹತ್ತಿಸಲಾಯಿತು. ಏರು ಹತ್ತುವ ಶಕ್ತಿ ಎಂಜಿನ್‌ಗೆ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ತಿರುವಿನಲ್ಲಿ ಗಾಡಿ ಸಿಕ್ಕಿಬಿದ್ದರೆ ಇಡೀ ವಯನಾಡಿನ ದಾರಿ ಬಂದ್ ಆಗುತ್ತದಲ್ಲ ಎಂಬುದೇ ದೊಡ್ಡ ಆತಂಕವಾಗಿತ್ತು.

ಲಾರಿ ಲೈನಿನಲ್ಲಿ ಇರುವವರಿಗೆ ಇದು ಹೊಸ ಸಂಗತಿಯಲ್ಲ. ನೇರ ರಸ್ತೆಯಲ್ಲಿ 50 ಟನ್ ಎಳೆಯುವುದು ಎಂಜಿನ್‌ನ ಕೆಲಸ. ತಿರುವಿನಲ್ಲಿ ಅದನ್ನೇ ಎಳೆಯುವುದು ಸ್ಟೀರಿಂಗ್ ಮತ್ತು ಆಕ್ಸೆಲ್‌ನ ಕೆಲಸ. ಘನ ವಾಹನಗಳಲ್ಲಿ ನೂರು ವರ್ಷಗಳಿಂದ ನಡೆದ ಸುಧಾರಣೆಗಳಲ್ಲಿ ದೊಡ್ಡ ಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರುವಂತೆ ಮಾಡುವುದು ಹೇಗೆ?

ಈಗಿನ ಸೆಮಿ ಟ್ರೈಲರ್‌ನ ಕಥೆ ಶುರುವಾಗುವುದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. ದೋಣಿ ಸಾಗಿಸಬೇಕೆಂದು ಮರದ ವ್ಯಾಪಾರಿಯೊಬ್ಬ ಕೇಳಿದಾಗ, ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರ 1914ರಲ್ಲಿ ಫೋರ್ಡ್ ಕಾರಿನ ಹಿಂದೆ ಕಟ್ಟುವ ಟ್ರೈಲರ್ ಮಾಡಿಕೊಟ್ಟ. ಮುಂಭಾಗದ ಭಾರ ಎಳೆಯುವ ಗಾಡಿಯ ಮೇಲೆ, ಹಿಂಭಾಗದ್ದು ತನ್ನದೇ ಚಕ್ರದ ಮೇಲೆ. ಅದಕ್ಕೇ 'ಸೆಮಿ' ಎಂಬ ಹೆಸರು. ಎರಡನ್ನೂ ಜೋಡಿಸುವ ತಟ್ಟೆಗೆ ಫಿಫ್ತ್ ವೀಲ್ ಅಂತಾರೆ, ಟ್ರೈಲರ್‌ನಿಂದ ಅದರೊಳಗೆ ಇಳಿಯುವ ಉಕ್ಕಿನ ಗೂಟಕ್ಕೆ ಕಿಂಗ್‌ಪಿನ್. ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಯಾಕೆಂದರೆ ಲಾರಿಯ ಮುಂದಿನ ಆಕ್ಸೆಲ್‌ನಲ್ಲಿ ಚಕ್ರ ತಿರುಗಿಸುವ ಪಿನ್ನಿಗೂ ಕಿಂಗ್‌ಪಿನ್ ಎಂದೇ ಹೆಸರು. ಎರಡೂ ಬೇರೆ ಬೇರೆ.

ಟ್ರೈಲರ್ ತಿರುಗುವಾಗ ಹಿಂಭಾಗ ಒಳಗೆ ಕಟ್ ಆಗುತ್ತದೆ. ಎಷ್ಟು ಕಟ್ ಆಗುತ್ತದೆ ಎಂಬುದನ್ನು ಹೈಸ್ಕೂಲಿನ ಪೈಥಾಗೊರಸ್ ಲೆಕ್ಕದಲ್ಲೇ ನೋಡಬಹುದು. ಕಿಂಗ್‌ಪಿನ್ 12.5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದೆ, ಅಲ್ಲಿಂದ ಹಿಂದಿನ ಆಕ್ಸೆಲ್‌ಗಳ ನಡುಭಾಗಕ್ಕೆ 8 ಮೀಟರ್ ಇದೆ ಎಂದಿಟ್ಟುಕೊಳ್ಳಿ. 12.5ರ ವರ್ಗದಿಂದ 8ರ ವರ್ಗ ಕಳೆದು ವರ್ಗಮೂಲ ತೆಗೆದರೆ ಸುಮಾರು 9.6. ಅಂದರೆ ಹಿಂಭಾಗ 2.9 ಮೀಟರ್ ಒಳಗೆ ಬರುತ್ತದೆ, ಹೆಚ್ಚುಕಡಿಮೆ ಒಂದು ಲೇನ್‌ನಷ್ಟು! ಇದು ಪೂರ್ತಿ ಸುತ್ತು ಹೊಡೆದಾಗಿನ ಲೆಕ್ಕ. ಪೇಟೆಯ ಸರ್ಕಲ್‌ನಲ್ಲಿ ಇಷ್ಟು ಬರುವುದಿಲ್ಲ, ಹೇರ್‌ಪಿನ್‌ನಲ್ಲಿ ಹತ್ತಿರಕ್ಕೆ ಹೋಗುತ್ತದೆ.

ಜೀವ ಹೋಗುವ ಜಾಗ ಇದೇ. ನಮ್ಮಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಎಡಕ್ಕೆ ತಿರುಗುವಾಗ ಟ್ರೈಲರ್‌ನ ಹೊಟ್ಟೆ ಎಡಮೂಲೆಯನ್ನು ಸವರಿಕೊಂಡು ಬರುತ್ತದೆ. ಆ ಮೂಲೆ ಕನ್ನಡಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ತಿರುಗಲು ಜಾಗ ಬೇಕೆಂದು ಚಾಲಕ ಮೊದಲು ಬಲಕ್ಕೆ ಎಳೆದಾಗ, ಎಡಗಡೆ ಖಾಲಿ ಇದೆ ಅಂತ ಬೈಕ್‌ನವರು ನುಗ್ಗುತ್ತಾರೆ. ತಲಪಾಡಿ, ಮಂಜೇಶ್ವರ, ಉಪ್ಪಳದ ದಾರಿಯಲ್ಲಿ ದಿನಾ ಟ್ರೈಲರ್ ಪಕ್ಕದಲ್ಲೇ ಸ್ಕೂಟರ್ ಓಡಿಸುವವರು ಇದನ್ನು ತಿಳಿದಿರಬೇಕು. ಗಲ್ಫ್‌ನಲ್ಲಿ ಎಲ್ಲ ಉಲ್ಟಾ. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಅಪಾಯದ ಮೂಲೆ ಬಲಕ್ಕೆ. ಊರಿನಲ್ಲಿ ಪಳಗಿದ ಕಣ್ಣನ್ನು ಅಲ್ಲಿಗೆ ಹೋದ ಮೇಲೆ ಹೊಸದಾಗಿ ಪಳಗಿಸಬೇಕಾಗುತ್ತದೆ.

ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಇಲ್ಲದಿದ್ದರೆ ಟೈರ್ ಉಜ್ಜಿಕೊಂಡೇ ಹೋಗುತ್ತದೆ. ಇದಕ್ಕೆ ಪರಿಹಾರ ಕಂಡುಹಿಡಿದವನು ಮ್ಯೂನಿಕ್‌ನ ಕುದುರೆಗಾಡಿ ತಯಾರಕ ಲಾಂಕೆನ್ಸ್‌ಪರ್ಗರ್. 1818ರಲ್ಲಿ ಲಂಡನ್‌ನಲ್ಲಿ ಪೇಟೆಂಟ್ ಮಾಡಿಸಿದವನು ಅವನ ಪ್ರತಿನಿಧಿ ಆಕರ್‌ಮನ್. ಹೆಸರು ಉಳಿದದ್ದು ಪ್ರತಿನಿಧಿಯದ್ದು! 12 ಚಕ್ರದ ಲಾರಿಯ ಎದುರು ಎರಡು ಸ್ಟೀರಿಂಗ್ ಆಕ್ಸೆಲ್ ಇರುವಲ್ಲೂ ಇದೇ ತತ್ವ: ಎರಡನೇ ಆಕ್ಸೆಲ್ ಮೊದಲನೆಯದಕ್ಕಿಂತ ಕಡಿಮೆ ತಿರುಗಬೇಕು. ನಡುವಿನ ರಾಡ್‌ಗಳ ಅಳತೆ ತಪ್ಪಿದರೆ ಎರಡೂ ಆಕ್ಸೆಲ್ ಒಂದಕ್ಕೊಂದು ಜಗಳಕ್ಕೆ ಬೀಳುತ್ತವೆ, ಟೈರ್ ಗರಗಸದ ಹಲ್ಲಿನ ಹಾಗೆ ಸವೆಯುತ್ತದೆ. ಟೈರ್ ಕಂಪನಿಯನ್ನು ಬೈಯುವ ಮೊದಲು ಅಲೈನ್‌ಮೆಂಟ್ ನೋಡುವುದು ಒಳ್ಳೆಯದು.

ಆಕ್ಸೆಲ್ ಹೆಚ್ಚಿಸುವುದರ ಹಿಂದೆ ಕಾನೂನಿನ ಲೆಕ್ಕವೂ ಇದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಭಾರದ ಮಿತಿ ಏರಿಸಿತು. ಎರಡು ಟೈರ್‌ನ ಮುಂದಿನ ಆಕ್ಸೆಲ್‌ಗೆ 6ರಿಂದ 7 ಟನ್, ನಾಲ್ಕು ಟೈರ್‌ನ ಒಂಟಿ ಆಕ್ಸೆಲ್‌ಗೆ 10.2ರಿಂದ 11.5, ಜೋಡಿ ಆಕ್ಸೆಲ್‌ಗೆ 19ರಿಂದ 21. ಟ್ರೈಲರ್ ಗಾಡಿಯ ಒಟ್ಟು ಮಿತಿ 55 ಟನ್. ಹೀಗೆ 12 ಚಕ್ರದ ಲಾರಿ 7, 7 ಮತ್ತು 21 ಕೂಡಿಸಿ 35 ಟನ್‌ಗೆ ಬರುತ್ತದೆ. ಇನ್ನೂ ಹೇರಬೇಕಾದರೆ ಇನ್ನೊಂದು ಆಕ್ಸೆಲ್ ಬೇಕು. ಅಲ್ಲೇ ಲಿಫ್ಟ್ ಆಕ್ಸೆಲ್ ಬಂತು. ಖಾಲಿ ಬರುವಾಗ ಗಾಳಿಯ ಒತ್ತಡದಿಂದ ಅದನ್ನು ಎತ್ತಿಟ್ಟರೆ ಡೀಸೆಲ್ಲೂ ಟೈರೂ ಉಳಿಯುತ್ತದೆ. ಆದರೆ ತಿರುಗಲು ಸಲೀಸು ಅಂತ ಲೋಡ್ ಇರುವಾಗಲೇ ಎತ್ತಿದರೆ ಉಳಿದ ಆಕ್ಸೆಲ್‌ಗಳ ಮೇಲೆ ಟನ್‌ಗಟ್ಟಲೆ ಭಾರ ಬೀಳುತ್ತದೆ, ಬ್ರೇಕ್ ಹಿಡಿಯುವ ಚಕ್ರಗಳೂ ಕಡಿಮೆಯಾಗುತ್ತವೆ. ಘಾಟಿ ಇಳಿಯುವಾಗ ಮಾಡಬಾರದ ಕೆಲಸ ಅದು.

ಸ್ಥಿರವಾದ ಮೂರು ಆಕ್ಸೆಲ್ ಸಾಲಾಗಿದ್ದರೆ ತಿರುವಿನಲ್ಲಿ ಹಿಂದಿನವು ಅಡ್ಡಡ್ಡಕ್ಕೆ ಎಳೆದುಕೊಂಡು ಹೋಗುತ್ತವೆ. ಡಾಮರಿನ ಮೇಲೆ ಕಪ್ಪು ಗೀರು ಕಾಣುವುದು ಅದಕ್ಕೇ. ಇದಕ್ಕೆ ಸರಳ ಮದ್ದು ಸೆಲ್ಫ್ ಸ್ಟೀರ್ ಆಕ್ಸೆಲ್. ಸೂಪರ್ ಮಾರ್ಕೆಟ್‌ನ ತಳ್ಳುಗಾಡಿಯ ಚಕ್ರ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ತಿರುಗುವ ಪಿನ್ ಮುಂದೆ, ಚಕ್ರ ಸ್ವಲ್ಪ ಹಿಂದೆ. ಗಾಡಿ ಎಳೆದ ಕಡೆಗೆ ಚಕ್ರ ತಾನಾಗಿ ತಿರುಗುತ್ತದೆ. ಮೂರರಲ್ಲಿ ಕೊನೆಯ ಆಕ್ಸೆಲ್ ಹೀಗಿದ್ದರೆ ಗಾಡಿ ಸುತ್ತುವ ಕೇಂದ್ರ ಮೊದಲ ಎರಡು ಆಕ್ಸೆಲ್‌ಗಳ ನಡುವೆ ಬರುತ್ತದೆ. ಆಕ್ಸೆಲ್‌ಗಳ ಅಂತರ 1.3 ಮೀಟರ್ ಆದರೆ ಮೇಲಿನ ಲೆಕ್ಕದ 8 ಮೀಟರ್ 7.35ಕ್ಕೆ ಇಳಿದು, ಒಳಗೆ ಕಟ್ ಆಗುವುದು 2.9ರಿಂದ 2.4 ಮೀಟರ್‌ಗೆ ಬರುತ್ತದೆ. ಉಳಿದದ್ದು ಅರ್ಧ ಮೀಟರ್. ಘಾಟಿಯ ತಿರುವಿನಲ್ಲಿ ಚರಂಡಿಗೂ ರಸ್ತೆಗೂ ನಡುವೆ ಇರುವುದು ಎಷ್ಟೋ ಸಲ ಅಷ್ಟೇ.

ಇದಕ್ಕೊಂದು ಷರತ್ತಿದೆ. ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದರೆ ಚಕ್ರ ಗಿರ್ರನೆ ತಿರುಗಿ ದಿಕ್ಕು ತಪ್ಪುತ್ತದೆ. ಸೆಲ್ಫ್ ಸ್ಟೀರ್ ಆಕ್ಸೆಲ್ ಕೂಡ ಹಾಗೆಯೇ. ಅದಕ್ಕಾಗಿ ರಿವರ್ಸ್ ತೆಗೆಯುವಾಗ ಅದನ್ನು ನೇರ ನಿಲ್ಲಿಸಿ ಲಾಕ್ ಮಾಡಬೇಕು. ರಿವರ್ಸ್ ಗೇರ್ ಹಾಕಿದೊಡನೆ ಗಾಳಿಯ ಒತ್ತಡದಿಂದ ತಾನೇ ಲಾಕ್ ಆಗುವ ವ್ಯವಸ್ಥೆಯೂ ಉಂಟು. ಲಾಕ್ ಕೆಟ್ಟಿದ್ದರೆ ಗೋದಾಮಿನ ಅಂಗಳದಲ್ಲಿ ಹಿಂದೆ ನಿಂತು 'ಬರ್ಲಿ, ಬರ್ಲಿ' ಅನ್ನುವ ಕ್ಲೀನರ್‌ಗೇ ಅಪಾಯ.

ಇದಕ್ಕಿಂತ ಮುಂದಿನದು ಕಮಾಂಡ್ ಸ್ಟೀರ್. ಫಿಫ್ತ್ ವೀಲ್ ಹತ್ತಿರ ಟ್ರ್ಯಾಕ್ಟರ್ ಎಷ್ಟು ಮಡಿಚಿದೆ ಎಂಬುದನ್ನು ಗ್ರಹಿಸಿ, ರಾಡ್ ಅಥವಾ ಹೈಡ್ರಾಲಿಕ್ ಸಿಲಿಂಡರ್ ಮೂಲಕ ಹಿಂದಿನ ಚಕ್ರಗಳನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ರಿವರ್ಸ್‌ನಲ್ಲೂ ಕೆಲಸ ಮಾಡುತ್ತದೆ. ಯುರೋಪಿನಲ್ಲಿ ಗಾಡಿ 12.5 ಮೀಟರ್ ಹೊರವೃತ್ತ ಮತ್ತು 5.3 ಮೀಟರ್ ಒಳವೃತ್ತದ ನಡುವೆ ಸುತ್ತಬೇಕೆಂಬ ನಿಯಮವಿರುವುದರಿಂದ ಅಲ್ಲಿ ಇಂಥವಕ್ಕೆ ಬೇಡಿಕೆ. ಹಿಂಭಾಗ ಒಳಗೆ ಬರುವುದು ಕಡಿಮೆಯಾದರೂ ಬಾಲ ಹೊರಗೆ ಬೀಸುವುದು ಹೆಚ್ಚು. ಹಾಗಾಗಿ ಹೊರಗಿನ ಕನ್ನಡಿಯ ಮೇಲೂ ಕಣ್ಣಿರಬೇಕು.

ಅಡಿವಾರಂನಲ್ಲಿ ನಿಂತಂಥ ಭಾರೀ ಸರಕಿಗೆ, ಟ್ರಾನ್ಸ್‌ಪೋರ್ಟ್‌ನವರು ಒ.ಡಿ.ಸಿ. ಅನ್ನುವಂಥದ್ದಕ್ಕೆ, ಬೇರೆಯೇ ಜಾತಿಯ ಟ್ರೈಲರ್ ಇದೆ. ಹೈಡ್ರಾಲಿಕ್ ಮಾಡ್ಯುಲರ್ ಟ್ರೈಲರ್‌ನಲ್ಲಿ ಪ್ರತಿ ಸಾಲಿನ ಚಕ್ರವೂ ತಿರುಗುತ್ತದೆ. ಎಣ್ಣೆಯ ಪೈಪ್‌ಗಳು ಭಾರವನ್ನು ಎಲ್ಲ ಸಾಲಿಗೂ ಸಮನಾಗಿ ಹಂಚುತ್ತವೆ. ರಸ್ತೆ ತಗ್ಗಾದಲ್ಲಿ ಚಕ್ರ ಇಳಿಯುತ್ತದೆ, ಉಬ್ಬಿದಲ್ಲಿ ಏರುತ್ತದೆ, ಸರಕು ಮಟ್ಟವಾಗಿಯೇ ಇರುತ್ತದೆ. ಗಾಳಿಯಂತ್ರದ ರೆಕ್ಕೆ ಸಾಗಿಸುವಾಗ ಒಬ್ಬ ಆಪರೇಟರ್ ಹಿಂದೆ ನಡೆಯುತ್ತಾ ರಿಮೋಟ್‌ನಲ್ಲಿ ಹಿಂಚಕ್ರ ತಿರುಗಿಸುತ್ತಾನೆ. ಜರ್ಮನಿಯ ಗೋಲ್ಡ್‌ಹೋಫರ್ ಕಂಪನಿಯ ಯಂತ್ರವೊಂದು ರೆಕ್ಕೆಯನ್ನೇ ಆಕಾಶಕ್ಕೆ ಎತ್ತಿಹಿಡಿದು ಬೆಟ್ಟದ ತಿರುವು ದಾಟಿಸುತ್ತದೆ.

ಚಾಲಕನ ತೋಳಿನ ಕಷ್ಟಕ್ಕೂ ಪರಿಹಾರ ಹುಡುಕಿದ್ದು ಲಾರಿಯವರೇ. ಪವರ್ ಸ್ಟೀರಿಂಗನ್ನು 1926ರಲ್ಲಿ ಓಡಿಸಿ ತೋರಿಸಿದ ಫ್ರಾನ್ಸಿಸ್ ಡೇವಿಸ್, ಪಿಯರ್ಸ್ ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವನು. 2013ರಲ್ಲಿ ವೋಲ್ವೊ ಅದರ ಮೇಲೆ ವಿದ್ಯುತ್ ಮೋಟರ್ ಕೂರಿಸಿತು. ಸೆಕೆಂಡಿಗೆ 2000 ಸಲ ಲೆಕ್ಕ ಹಾಕಿ ಹೊಂಡದ ಹೊಡೆತ ಕೈಗೆ ಬಾರದಂತೆ ತಡೆಯುತ್ತದೆ.

ಟ್ಯಾಂಕರ್ ವಿಷಯ ಬೇರೆ ಹೇಳಬೇಕು. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ 20 ಜನ ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲೂ ಟ್ಯಾಂಕರ್ ಉರುಳಿ ಮನೆಗಳಿಗೇ ಬೆಂಕಿ ನುಗ್ಗಿತು. ಟ್ಯಾಂಕ್‌ನೊಳಗಿನ ದ್ರವ ತಿರುವಿನಲ್ಲಿ ಹೊರಗಡೆಗೆ ವಾಲುತ್ತದೆ, ಅದರ ಜೊತೆ ಭಾರವೂ. ಟ್ರೈಲರ್‌ನ ಒಳಗಿನ ಚಕ್ರ ನೆಲ ಬಿಡಲು ಶುರುಮಾಡಿದ್ದು ಮುಂದಿನ ಕ್ಯಾಬಿನ್‌ನಲ್ಲಿರುವ ಚಾಲಕನಿಗೆ ಗೊತ್ತಾಗುವಾಗ ಹೆಚ್ಚಾಗಿ ತಡವಾಗಿರುತ್ತದೆ. ಈಗಿನ ಎಲೆಕ್ಟ್ರಾನಿಕ್ ಬ್ರೇಕ್ ವ್ಯವಸ್ಥೆ ಟ್ರೈಲರ್ ಪಕ್ಕಕ್ಕೆ ಎಷ್ಟು ತಳ್ಳಲ್ಪಡುತ್ತಿದೆ ಎಂದು ತಾನೇ ಅಳೆದು, ಚಾಲಕ ಪೆಡಲ್ ಮುಟ್ಟದಿದ್ದರೂ ಟ್ರೈಲರ್‌ನ ಬ್ರೇಕ್ ಹಾಕುತ್ತದೆ. ಅದಿಲ್ಲದ ಗಾಡಿಯಲ್ಲಿ ಇರುವ ಉಪಾಯ ಒಂದೇ: ತಿರುವಿನ ಒಳಗೆ ಬ್ರೇಕ್ ತುಳಿಯುವ ಪರಿಸ್ಥಿತಿ ಬಾರದಂತೆ, ತಿರುವಿಗೆ ಮೊದಲೇ ಗೇರ್ ಇಳಿಸಿ ನಿಧಾನ ಮಾಡುವುದು.