ಮೋಟಾರು ಚಾಲಕ ಚಿಪ್‌ಗಳ ಪ್ರವಾಹಮಿತಿ: ಎರಡು ಇಟಾಲಿಯನ್ ಚಿಪ್‌ಗಳ ನಿದರ್ಶನ

ಮೋಟಾರುಗಳನ್ನು ನಡೆಯಿಸುವ ಚಿಪ್‌ಗಳ ವಿವರಣಪತ್ರದ ಮೊದಲ ಪುಟದಲ್ಲಿ ಅಚ್ಚಾಗಿರುವ ಆಂಪಿಯರ್ ಸಂಖ್ಯೆಯನ್ನು ನಮ್ಮ ವಿದ್ಯಾರ್ಥಿಗಳು ಒಂದು ವಾಗ್ದಾನವೆಂದು ಭಾವಿಸುವುದುಂಟು. ಪ್ರಯೋಗಶಾಲೆಯಲ್ಲಿ ಸುಟ್ಟುಹೋಗುವ ಚಿಪ್‌ಗಳಲ್ಲಿ ಹಲವು ಈ ಭಾವನೆಗೆ ಬಲಿಯಾದವು. ಆ ಸಂಖ್ಯೆಗೆ ಇರುವ ನಿಬಂಧನೆಗಳು ಎಂಥವೆಂಬುದನ್ನು ಇಟಲಿಯ ಎಸ್‌ಜಿಎಸ್ ಸಂಸ್ಥೆಯ ಎರಡು ಚಿಪ್‌ಗಳಿಂದ ಅರಿಯಬಹುದು. (ಈ ಸಂಸ್ಥೆಯು 1987ರಲ್ಲಿ ಫ್ರಾನ್ಸಿನ ಥಾಮ್ಸನ್ ಸೆಮಿಕಂಡಕ್ಟರ್ಸ್‌ನೊಡನೆ ಕೂಡಿಕೊಂಡಿತು, 1998ರಿಂದ ಅದರ ಹೆಸರು ಎಸ್‌ಟಿಮೈಕ್ರೋಎಲೆಕ್ಟ್ರಾನಿಕ್ಸ್.)

ಮೊದಲನೆಯದು ಎಲ್298. ಬೈಪೋಲಾರ್ ಟ್ರಾನ್ಸಿಸ್ಟರುಗಳಿಂದ ರಚಿತವಾದ ಎರಡು ಎಚ್-ಬ್ರಿಜ್‌ಗಳು ಇದರಲ್ಲಿವೆ. ಪ್ರತಿಯೊಂದು ಬ್ರಿಜ್‌ಗೂ ಒಂದಲ್ಲ, ಮೂರು ಮಿತಿಗಳನ್ನು ಕೊಟ್ಟಿದ್ದಾರೆ: 100 ಮೈಕ್ರೋಸೆಕೆಂಡುಗಳ ಒಂಟಿ ಸ್ಪಂದಕ್ಕೆ 3 ಆಂಪಿಯರ್, ಮರುಕಳಿಸುವ ಸ್ಪಂದಗಳಿಗೆ 2.5, ಎಡೆಬಿಡದ ಪ್ರವಾಹಕ್ಕೆ 2. ಇವುಗಳೊಡನೆ 25 ವಾಟ್ ಎಂಬ ಶಕ್ತಿಮಿತಿಯೂ ಉಂಟು. ಇದು ಎಲ್ಲಿಂದ ಬಂದಿತು? ಜಂಕ್ಷನ್ನಿನ ಪರಮಾವಧಿ ಉಷ್ಣತೆ 150 ಡಿಗ್ರಿ. ಕವಚವನ್ನು 75 ಡಿಗ್ರಿಯಲ್ಲಿ ಇರಿಸಿದೆಯೆಂದು ಎಣಿಕೆ. ಜಂಕ್ಷನ್ನಿನಿಂದ ಕವಚಕ್ಕೆ ಉಷ್ಣರೋಧ ವಾಟಿಗೆ 3 ಡಿಗ್ರಿ. 75ನ್ನು 3ರಿಂದ ಭಾಗಿಸಿದರೆ 25. ಹೀಟ್ ಸಿಂಕ್ ಇಲ್ಲದಿದ್ದರೆ ಉಷ್ಣರೋಧ 35 ಡಿಗ್ರಿಗೆ ಏರುವುದು. 25 ಡಿಗ್ರಿಯ ಕೊಠಡಿಯಲ್ಲಿ ಚಿಪ್ ಸಹಿಸಬಲ್ಲುದು 3.6 ವಾಟ್ ಮಾತ್ರ. ಒಂದು ಬ್ರಿಜ್‌ನಲ್ಲಿ 1 ಆಂಪಿಯರ್ ಹರಿದಾಗ 3.2 ವೋಲ್ಟಿನವರೆಗೂ, ಎಂದರೆ 3.2 ವಾಟ್‌ವರೆಗೂ, ನಷ್ಟವಾಗಬಹುದು. ಎರಡು ಬ್ರಿಜ್‌ಗಳೂ ಸೇರಿ 4 ಆಂಪಿಯರ್ ಎಂದು ಹೆಸರಾದ ಚಿಪ್, ಬರಿಮೈಯಲ್ಲಿ ಒಂದೇ ಬ್ರಿಜ್‌ನ ಒಂದು ಆಂಪಿಯರಿಗೆ ಬಂದು ನಿಲ್ಲುತ್ತದೆ. ನಮ್ಮ ಬೇಸಗೆಯ ಕೊಠಡಿಗಳಲ್ಲಿ ಅದೂ ಸಂದೇಹವೇ.

ಬೈಪೋಲಾರ್, ಸಿಮಾಸ್, ಡಿಮಾಸ್ ಮೂರನ್ನೂ ಒಂದೇ ಸಿಲಿಕಾನ್ ತುಣುಕಿನಲ್ಲಿ ಬೆಸೆದ ಬಿಸಿಡಿ ವಿಧಾನದಿಂದ 1985ರಲ್ಲಿ ಎಲ್6202 ಹೊರಬಂದಿತು; ಈ ಸಾಧನೆಯನ್ನು ಐಇಇಇ ಸಂಸ್ಥೆ 2021ರಲ್ಲಿ ಮೈಲಿಗಲ್ಲೆಂದು ಗೌರವಿಸಿದೆ. ಡಿಮಾಸ್ ಟ್ರಾನ್ಸಿಸ್ಟರಿನ ರೋಧ ತಣ್ಣಗಿರುವಾಗ ಸುಮಾರು 0.3 ಓಮ್. ಪ್ರವಾಹ ಎರಡು ಟ್ರಾನ್ಸಿಸ್ಟರುಗಳ ಮೂಲಕ ಹರಿಯುವುದರಿಂದ 2 ಆಂಪಿಯರಿಗೆ ನಷ್ಟ 2.4 ವಾಟ್. ಅದೇ ಪ್ರವಾಹಕ್ಕೆ ಎಲ್298ರ ಒಂದು ಬ್ರಿಜ್ ಸಾಮಾನ್ಯವಾಗಿ 7.4 ವಾಟ್ ವ್ಯಯಮಾಡುತ್ತದೆ. ಆದರೂ ಎಲ್6202ರ 5 ಆಂಪಿಯರ್ ಶಿಖರಪ್ರವಾಹ ಮಾತ್ರ. ಅದರ ಪರಿಣಾಮಕ ಪ್ರವಾಹ 1.5 ಆಂಪಿಯರ್. ಅದೇ ಕುಟುಂಬದ ಎಲ್6203, ದೊಡ್ಡ ಲೋಹದ ಬೆನ್ನುಳ್ಳ ಕವಚದ ಬಲದಿಂದ 4 ಆಂಪಿಯರನ್ನು ಹೊರುತ್ತದೆ. ಮಿತಿಯನ್ನು ನಿರ್ಣಯಿಸುವಲ್ಲಿ ಸಿಲಿಕಾನಿನಷ್ಟೇ ಕವಚಕ್ಕೂ ಅಧಿಕಾರವಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಪ್ರವಾಹಮಿತಿ ಎಂಬ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಎಲ್298ರ ಜೊತೆಗಾರ ಎಲ್297, ಸಣ್ಣದೊಂದು ರೋಧಕದ ಮೇಲಿನ ವೋಲ್ಟೇಜನ್ನು ನಿರ್ದಿಷ್ಟ ವೋಲ್ಟೇಜಿಗೆ ಹೋಲಿಸಿ ಪ್ರವಾಹವನ್ನು ಕತ್ತರಿಸುತ್ತದೆ. ಇದು ನಾವು ವಿಧಿಸುವ ಮಿತಿ. ಹಿಂದಿನದು ಚಿಪ್ ತಾಳಬಲ್ಲ ಮಿತಿ. ಈಗ ಬಳಕೆಯಲ್ಲಿರುವ ಅಲೆಗ್ರೋ ಸಂಸ್ಥೆಯ ಎ4988ರಲ್ಲಿ ನಿರ್ದಿಷ್ಟ ವೋಲ್ಟೇಜನ್ನು ರೋಧದ ಎಂಟರಷ್ಟರಿಂದ ಭಾಗಿಸಿದರೆ ವಿಧಿಸಿದ ಮಿತಿ ದೊರೆಯುತ್ತದೆ: 0.1 ಓಮ್ ರೋಧಕಕ್ಕೆ 0.8 ವೋಲ್ಟ್ ಕೊಟ್ಟರೆ 1 ಆಂಪಿಯರ್.