ಕರ್ನಾಟಕದ ಮಿಶನ್ ಶಾಲೆಗಳ ವಿದೇಶಿ ಶಿಕ್ಷಕರು

ಕರ್ನಾಟಕದ ಮಿಶನ್ ಶಾಲೆಗಳ ವಿದೇಶಿ ಶಿಕ್ಷಕರು ಎಂದರೆ ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಯುರೋಪಿನ ಕ್ರೈಸ್ತ ಸಂಸ್ಥೆಗಳ ಮೂಲಕ ಕನ್ನಡ ನಾಡಿಗೆ ಬಂದು, ಇಲ್ಲಿನ ಮಕ್ಕಳಿಗೆ ಅಕ್ಷರ ಕಲಿಸಿದ ಪಾದ್ರಿಗಳು, ಅವರ ಪತ್ನಿಯರು ಮತ್ತು ಕನ್ಯಾಸ್ತ್ರೀಯರು. ಇವರಲ್ಲಿ ಬಹುಮಂದಿ ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್, ಫ್ರಾನ್ಸ್ ಮತ್ತು ಇಟಲಿಗಳಿಂದ ಬಂದವರು. ಕ್ರೈಸ್ತಮತದ ಪ್ರಸಾರ ಇವರ ಮೂಲ ಉದ್ದೇಶವಾಗಿತ್ತು. ಆದರೆ ಆ ಉದ್ದೇಶಕ್ಕಾಗಿ ಅವರು ಕೈಗೊಂಡ ಶಾಲೆ, ಮುದ್ರಣ ಮತ್ತು ಭಾಷಾಧ್ಯಯನದ ಕೆಲಸಗಳು ಮತಾಂತರಕ್ಕಿಂತ ವ್ಯಾಪಕವಾದ ಪರಿಣಾಮವನ್ನು ಉಂಟುಮಾಡಿದವು. ಎಳೆಯ ಮಕ್ಕಳಿಗೆ ಪಾಠ ಹೇಳುವವರು ತಮ್ಮ ಮತವನ್ನೂ ಬೋಧಿಸಬಹುದೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಈ ಶಾಲೆಗಳೊಂದಿಗೆ ಸಾಗಿಬಂದಿದೆ.

ಕರಾವಳಿ, ಧಾರವಾಡ ಪ್ರದೇಶ ಮತ್ತು ಬೆಂಗಳೂರು–ಮೈಸೂರುಗಳಲ್ಲಿ ವಿದೇಶಿ ಶಿಕ್ಷಕರು ನೇರವಾಗಿ ನೆಲೆಸಿ ದುಡಿದರು. ಮಲೆನಾಡಿನ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸೀಮೆಯಲ್ಲಿ ಈ ಶಿಕ್ಷಣ ಪರಂಪರೆಯ ಪ್ರಭಾವವನ್ನು ಬೇರೊಂದು ಬಗೆಯಲ್ಲಿ ಕಾಣಬಹುದು.

ಹಿನ್ನೆಲೆ

ಮಿಶನ್ ಶಾಲೆಗಳು ಬರುವ ಮೊದಲು ಕನ್ನಡ ನಾಡಿನಲ್ಲಿ ಶಿಕ್ಷಣವೇ ಇರಲಿಲ್ಲವೆಂಬ ಭಾವನೆ ಸರಿಯಲ್ಲ. ಊರೂರುಗಳಲ್ಲಿ ಐಗಳ ಮಠಗಳು, ಕೂಲಿಮಠಗಳು ನಡೆಯುತ್ತಿದ್ದವು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿಯನ್ನೂ ಪದ್ಯಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಮಠ ಮತ್ತು ಅಗ್ರಹಾರಗಳಲ್ಲಿ ಸಂಸ್ಕೃತ ವಿದ್ಯಾಭ್ಯಾಸ ನಡೆಯುತ್ತಿತ್ತು. ಶೃಂಗೇರಿಯ ಶಾರದಾ ಪೀಠವು ಇಂತಹ ವಿದ್ಯಾಪರಂಪರೆಯ ಪ್ರಸಿದ್ಧ ಕೇಂದ್ರ. ಆದರೆ ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯಗಳ ಮಕ್ಕಳಿಗೂ ಈ ಶಿಕ್ಷಣ ಬಹುಮಟ್ಟಿಗೆ ದೊರೆಯುತ್ತಿರಲಿಲ್ಲ. ಮುದ್ರಿತ ಪಠ್ಯಪುಸ್ತಕವಾಗಲಿ, ತರಗತಿಗಳ ವಿಭಜನೆಯಾಗಲಿ ಇರಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಡಳಿತ ಪ್ರದೇಶಗಳಲ್ಲಿ ಮಿಶನರಿಗಳಿಗೆ ಮೊದಮೊದಲು ಸುಲಭವಾಗಿ ಅವಕಾಶ ಕೊಡುತ್ತಿರಲಿಲ್ಲ. 1813ರ ಸನ್ನದು ಕಾಯಿದೆ ಬ್ರಿಟಿಷ್ ಮಿಶನರಿಗಳಿಗೂ, 1833ರ ಸನ್ನದು ಕಾಯಿದೆ ಇತರ ದೇಶಗಳವರಿಗೂ ದಾರಿಯನ್ನು ತೆರೆದವು. ಇದಕ್ಕೂ ಮುಂಚೆ, 1810ರಲ್ಲಿಯೇ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿದ್ದರು.

ಬಾಸೆಲ್ ಮಿಶನ್

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್, ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ಪ್ರಮುಖ ಸ್ಥಾನ ಪಡೆದಿದೆ. ಅದು ಕಳುಹಿಸಿದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ರೈತ ಹಾಗೂ ಕುಶಲಕರ್ಮಿ ಕುಟುಂಬಗಳಿಗೆ ಸೇರಿದವರು. ಸ್ಯಾಮ್ಯುಯೆಲ್ ಹೆಬಿಕ್, ಯೋಹಾನ್ ಲೇನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಯಲ್ಲಿ ಮಂಗಳೂರನ್ನು ತಲುಪಿದರು. 1836ರಲ್ಲಿ ಮಂಗಳೂರಿನಲ್ಲಿ ಕನ್ನಡ ಶಾಲೆ ಆರಂಭವಾಯಿತು. ಮುಂದೆ ಧಾರವಾಡ (1837), ಹುಬ್ಬಳ್ಳಿ (1839) ಮತ್ತು ಬೆಟಗೇರಿ (1841)ಗಳಲ್ಲಿ ಮಿಶನ್ನಿನ ಕೇಂದ್ರಗಳು ಸ್ಥಾಪನೆಯಾದವು.

ಹೊಸದಾಗಿ ಬಂದ ಮಿಶನರಿಯು ಮೊದಲು ಜನರ ಭಾಷೆಯನ್ನು ಕಲಿಯಬೇಕೆಂಬುದು ಈ ಸಂಸ್ಥೆಯ ಕ್ರಮವಾಗಿತ್ತು. ಇದರ ಫಲ ಶಾಲೆಯ ಗೋಡೆಗಳಾಚೆಗೂ ಹರಡಿತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ (1811–1881) ವಿದ್ಯಾರ್ಥಿಗಳೊಡನೆ ವಾಸಿಸಿ ಅವರಿಗೆ ಪಾಠ ಹೇಳಿದರು; 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ (1832–1903) ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1841ರಲ್ಲಿ ಆರಂಭವಾದ ಮಿಶನ್ನಿನ ಮುದ್ರಣಾಲಯವು ಧಾರ್ಮಿಕ ಗ್ರಂಥಗಳೊಡನೆ ಶಾಲಾ ಪುಸ್ತಕಗಳನ್ನೂ ಅಚ್ಚು ಹಾಕಿತು. ಜರ್ಮನ್ ಲೇಖಕ ಹರ್ಮನ್ ಹೆಸ್ಸೆ ಅವರ ತಂದೆ ಯೋಹಾನೆಸ್ ಹೆಸ್ಸೆ ಸಹ ಮಂಗಳೂರಿನಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ, ಅನಾರೋಗ್ಯದ ಕಾರಣ ಹಿಂದಿರುಗಿದರು.

ಮಹಿಳಾ ಶಿಕ್ಷಕಿಯರು

ಚರಿತ್ರೆಯ ಪುಸ್ತಕಗಳಲ್ಲಿ ಪಾದ್ರಿಗಳ ಹೆಸರುಗಳೇ ಹೆಚ್ಚಾಗಿ ಕಾಣುತ್ತವೆ. ಎಳೆಯ ಮಕ್ಕಳ, ವಿಶೇಷವಾಗಿ ಹೆಣ್ಣುಮಕ್ಕಳ ಶಿಕ್ಷಣದ ಭಾರವನ್ನು ಹೊತ್ತವರು ಬಹುಪಾಲು ಮಹಿಳೆಯರು. ಬೆಂಗಳೂರಿನಲ್ಲಿ ಲಂಡನ್ ಮಿಶನ್ನಿನ ಪಾದ್ರಿಗಳ ಪತ್ನಿಯರಾದ ಶ್ರೀಮತಿ ಸೀವೆಲ್ ಮತ್ತು ಶ್ರೀಮತಿ ರೈಸ್ ಅವರು 1840ರಲ್ಲಿ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆಯನ್ನು ತೆರೆದರು. ಮಿಶನರಿಗಳ ಪತ್ನಿಯರು ಓದು, ಬರಹಗಳೊಂದಿಗೆ ಹೊಲಿಗೆ, ಹಾಡು ಮತ್ತು ಶುಚಿತ್ವವನ್ನೂ ಕಲಿಸುತ್ತಿದ್ದರು. ಪಾದ್ರಿಯ ಪತ್ನಿ ಎಂಬ ನೆಲೆಯಲ್ಲಿ ಅವರು ಮಾಡಿದ ಈ ಕೆಲಸಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಸಂಬಳವಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಸ್ವಯಂಸೇವಕ ಶಿಕ್ಷಕಿಯರು.

ಕ್ಯಾಥೊಲಿಕ್ ಸಭೆಯಲ್ಲಿ ಈ ಕಾರ್ಯವನ್ನು ಕನ್ಯಾಸ್ತ್ರೀಯರು ನಿರ್ವಹಿಸಿದರು. 1870ರ ನವೆಂಬರಿನಲ್ಲಿ ಫ್ರಾನ್ಸಿನ ಬಯೊನ್ ನಗರದಿಂದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು ಮಂಗಳೂರಿಗೆ ಬಂದು ಬಾಲಕಿಯರ ಶಿಕ್ಷಣವನ್ನು ವಹಿಸಿಕೊಂಡರು. ಈ ಸಭೆಯ ಸ್ಥಾಪಕಿ ಮದರ್ ವೆರೋನಿಕಾ ಇಂಗ್ಲಿಷ್ ಮೂಲದವರು. 1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಸ್ಥಾಪನೆಯಾಯಿತು.

ಶಾಲೆ ಮತ್ತು ಮತಾಂತರ

ಮಿಶನ್ ಶಾಲೆಗೆ ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳಿಗೆ ಬೇಕಾಗಿದ್ದುದು ವಿದ್ಯೆ, ಮುಖ್ಯವಾಗಿ ಸರ್ಕಾರಿ ಉದ್ಯೋಗಕ್ಕೆ ನೆರವಾಗುವ ಇಂಗ್ಲಿಷ್. ಶಾಲೆಯನ್ನು ನಡೆಸಿದವರಿಗೆ ಬೇಕಾಗಿದ್ದುದು ವಿದ್ಯೆಯ ಜೊತೆಗೆ ಮತಬೋಧನೆ. ಈ ಎರಡರ ನಡುವಿನ ಅಂತರ 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಬಯಲಾಯಿತು. ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಇನ್ನಿಬ್ಬರೊಡನೆ ಕ್ರೈಸ್ತ ದೀಕ್ಷೆ ಪಡೆದಾಗ ಪಟ್ಟಣದಲ್ಲಿ ಭಾರಿ ಕೋಲಾಹಲವೆದ್ದಿತು. ಕೌಂಡಿನ್ಯರು ಬಾಸೆಲಿನಲ್ಲಿ ಅಧ್ಯಯನ ಮಾಡಿ ಪಾದ್ರಿಯಾಗಿ ಮರಳಿ, ಮಂಗಳೂರಿನಲ್ಲಿ ಬೋಧಕರಾದರು.

ಈ ಪ್ರಸಂಗವನ್ನು ಎರಡು ಬಗೆಯಲ್ಲಿ ಓದಲಾಗುತ್ತದೆ. ಬುದ್ಧಿವಂತ ತರುಣನೊಬ್ಬನು ತನ್ನ ನಂಬಿಕೆಯನ್ನು ತಾನೇ ಆರಿಸಿಕೊಂಡನೆಂಬುದು ಒಂದು ನೋಟ. ವಿದ್ಯೆಗಾಗಿ ವಿಶ್ವಾಸದಿಂದ ಒಪ್ಪಿಸಿದ ಮಗನನ್ನು ಕುಟುಂಬ ಕಳೆದುಕೊಂಡಿತೆಂಬುದು ಇನ್ನೊಂದು. ಶಾಲೆಯ ಸೇವೆಯನ್ನು ಮೆಚ್ಚುವವರೂ ಟೀಕಿಸುವವರೂ ಈ ಎರಡು ನೋಟಗಳನ್ನು ಒಟ್ಟಿಗೆ ಎದುರಿಸಬೇಕಾಗುತ್ತದೆ. ಇನ್ನೊಂದೆಡೆ, ಬೇರೆಲ್ಲೂ ಪ್ರವೇಶವಿಲ್ಲದಿದ್ದ ಮಕ್ಕಳಿಗೆ ಮಿಶನ್ ಶಾಲೆಯ ಬೆಂಚು ಮೊದಲ ಸಾರ್ವಜನಿಕ ಆಸನವಾಯಿತೆಂಬುದನ್ನೂ ಮರೆಯುವಂತಿಲ್ಲ.

1854ರ ವುಡ್‌ ಶಿಕ್ಷಣ ಪತ್ರದ ಅನಂತರ ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ದೊರೆಯುವ ವ್ಯವಸ್ಥೆ ಬಂದಿತು. ಅನುದಾನದೊಂದಿಗೆ ಸರ್ಕಾರಿ ತನಿಖೆಯೂ ಬಂದುದರಿಂದ ಮಿಶನ್ ಶಾಲೆಗಳ ಲೌಕಿಕ ಪಾಠಗಳಿಗೆ ಹೆಚ್ಚಿನ ಒತ್ತು ದೊರೆಯಿತು.

ಮಲೆನಾಡಿನ ಮೂರು ತಾಲ್ಲೂಕುಗಳು

ಕೊಪ್ಪ, ಶೃಂಗೇರಿ ಮತ್ತು ಅಂದು ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರ, ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದವು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ 1915ರಲ್ಲಿ ಎಡೇಹಳ್ಳಿಗೆ ಈಗಿನ ಹೆಸರು ಬಂದಿತು. ದಟ್ಟವಾದ ಕಾಡು, ಒಂಟಿಮನೆಗಳು, ತಿಂಗಳುಗಟ್ಟಲೆ ಸುರಿಯುವ ಮಳೆ ಇವುಗಳಿಂದಾಗಿ ಇಲ್ಲಿ ಮಕ್ಕಳನ್ನು ಒಂದೆಡೆ ಕೂಡಿಸುವುದೇ ಕಷ್ಟವಾಗಿತ್ತು. ಅನುಕೂಲಸ್ಥರು ಘಟ್ಟದ ಕೆಳಗಿನಿಂದ ಐಗಳನ್ನು ಕರೆಸಿ ಮನೆಯಲ್ಲಿಯೇ ಪಾಠ ಹೇಳಿಸುತ್ತಿದ್ದರು.

ಸಂಸ್ಥಾನದಲ್ಲಿ ಹಳ್ಳಿಗಳಿಗೆ ಸರ್ಕಾರಿ ಶಾಲೆಯನ್ನು ಒಯ್ದ ಹೋಬಳಿ ಶಾಲೆಗಳ ಯೋಜನೆಯನ್ನು 1868ರಲ್ಲಿ ರೂಪಿಸಿದವರು ಬಿ. ಎಲ್. ರೈಸ್. ಶಾಸನ ಸಂಶೋಧಕರೆಂದು ಪ್ರಸಿದ್ಧರಾದ ರೈಸ್, ಬೆಂಗಳೂರಿನ ಲಂಡನ್ ಮಿಶನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ಮಗ. ಮಿಶನರಿಯ ಮನೆಯಲ್ಲಿ ಬೆಳೆದವರೊಬ್ಬರು ಮತಬೋಧನೆಯಿಲ್ಲದ ಸರ್ಕಾರಿ ಶಾಲೆಗಳನ್ನು ಹರಡಿದರೆಂಬುದು ಗಮನಾರ್ಹ.

ಈ ಸೀಮೆಯ ಅನುಭವಕ್ಕೆ ಕುವೆಂಪು ಅವರ ಬದುಕು ಉತ್ತಮ ನಿದರ್ಶನ. ಅವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿ, ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದರು. ಬಾಲ್ಯದಲ್ಲಿ ದಕ್ಷಿಣ ಕನ್ನಡದಿಂದ ಬಂದ ಶಿಕ್ಷಕರಿಂದ ಮನೆಯಲ್ಲಿ ಪಾಠವಾಯಿತು. ತೀರ್ಥಹಳ್ಳಿಯ ಶಾಲೆಯ ಅನಂತರ ಅವರು ಮೈಸೂರಿನ ವೆಸ್ಲಿಯನ್ ಮಿಶನ್ ಪ್ರೌಢಶಾಲೆಯಲ್ಲಿ ಓದಿದರು. ಮಿಶನ್ ಶಾಲೆಯ ಈ ವಿದ್ಯಾರ್ಥಿ ಮುಂದೆ ರಾಮಕೃಷ್ಣ–ವಿವೇಕಾನಂದರ ಚಿಂತನೆಯ ಕಡೆಗೆ ಒಲಿದರು.

1967ರಲ್ಲಿ ಪ್ರಕಟವಾದ ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೀರ್ಥಹಳ್ಳಿಯ ಕಡೆಯ ಮಲೆನಾಡಿಗೆ ಪಾದ್ರಿ, ಮಿಶನ್ ಶಾಲೆ ಮತ್ತು ಬೈಸಿಕಲ್ಲು ಒಟ್ಟೊಟ್ಟಿಗೆ ಕಾಲಿಡುತ್ತವೆ. ಅಲ್ಲಿನ ಪಾದ್ರಿ ಜೀವರತ್ನಯ್ಯ ವಿದೇಶಿಯನಲ್ಲ, ದೇಶೀಯ ಕ್ರೈಸ್ತ. ಶಾಲೆಯ ಬಗ್ಗೆ ಊರವರಲ್ಲಿದ್ದ ಆಸೆಯನ್ನೂ ಮತಾಂತರದ ಬಗ್ಗೆ ಇದ್ದ ಅಂಜಿಕೆಯನ್ನೂ ಕಾದಂಬರಿ ಪಕ್ಷಪಾತವಿಲ್ಲದೆ ಚಿತ್ರಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತ ಕೃಷಿಕರು ನರಸಿಂಹರಾಜಪುರದ ಸುತ್ತಮುತ್ತ ನೆಲೆಸಿದರು. 1963ರಲ್ಲಿ ಚಿಕ್ಕಮಗಳೂರು ಕ್ಯಾಥೊಲಿಕ್ ಧರ್ಮಪ್ರಾಂತ ಸ್ಥಾಪನೆಯಾಯಿತು. ಮಲೆನಾಡಿನ ಇಂದಿನ ಕಾನ್ವೆಂಟ್ ಶಾಲೆಗಳನ್ನು ನಡೆಸುತ್ತಿರುವವರು ಭಾರತೀಯ ಪಾದ್ರಿಗಳು ಮತ್ತು ಸಿಸ್ಟರುಗಳು. ಅಲ್ಲಿ ಓದುವ ಮಕ್ಕಳಲ್ಲಿ ಎಲ್ಲ ಮತಗಳವರೂ ಇದ್ದಾರೆ.

ದೇಶೀಯರ ಕೈಗೆ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರವು ಜರ್ಮನ್ ಮಿಶನರಿಗಳನ್ನು ಶತ್ರುದೇಶದ ಪ್ರಜೆಗಳೆಂದು ಬಂಧನದಲ್ಲಿರಿಸಿ, ಕ್ರಮೇಣ ಸ್ವದೇಶಕ್ಕೆ ಕಳುಹಿಸಿತು. ಬಾಸೆಲ್ ಮಿಶನ್ನಿಗೆ ಇದು ದೊಡ್ಡ ಆಘಾತ. ಆದರೂ ಶಾಲೆಗಳು ಉಳಿದವು. ಎಂಟು ದಶಕಗಳಲ್ಲಿ ತರಬೇತಿ ಪಡೆದಿದ್ದ ಸ್ಥಳೀಯ ಉಪಾಧ್ಯಾಯರು ಮತ್ತು ಉಪದೇಶಿಗಳು ಇದ್ದುದು ಇದಕ್ಕೆ ಮುಖ್ಯ ಕಾರಣ. ಹೊರಗಿನಿಂದ ಬಂದ ಶಿಕ್ಷಕರ ಸಾಧನೆಯನ್ನು ಅವರು ಹೋದ ಮೇಲೆ ಶಾಲೆಯ ಗಂಟೆ ಬಾರಿಸುತ್ತದೆಯೇ ಎಂಬುದರಿಂದ ಅಳೆಯುವುದಾದರೆ, ಈ ಶಾಲೆಗಳು ಆ ಪರೀಕ್ಷೆಯಲ್ಲಿ ಉತ್ತೀರ್ಣವಾದವೆನ್ನಬೇಕು.

ಇಂದಿನ ನಿಯಮಗಳು

ಭಾರತದ ಸಂವಿಧಾನದ 25ನೆಯ ಅನುಚ್ಛೇದವು ಮತವನ್ನು ಆಚರಿಸುವ ಮತ್ತು ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ನೀಡುತ್ತದೆ. 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ತೀರ್ಪಿತ್ತಿತು. 28ನೆಯ ಅನುಚ್ಛೇದದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಮತಬೋಧನೆಗಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ.

2022ರಲ್ಲಿ ಜಾರಿಗೆ ಬಂದ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮವು ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ನೀಡುವ ಉಚಿತ ಶಿಕ್ಷಣವನ್ನೂ ‘ಆಮಿಷ’ದ ವ್ಯಾಖ್ಯೆಯಲ್ಲಿ ಸೇರಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಈ ಕಾನೂನನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು.

ವಿದೇಶಿಯರು ಮಿಶನರಿ ಕಾರ್ಯಕ್ಕಾಗಿ ಭಾರತಕ್ಕೆ ಬರಲು ಪ್ರತ್ಯೇಕವಾದ ಮಿಶನರಿ ವೀಸಾ ಪಡೆಯಬೇಕು. ಪ್ರವಾಸಿ ಇ-ವೀಸಾದಲ್ಲಿ ಸಂಭಾವನೆಯಿಲ್ಲದ ಸ್ವಯಂಸೇವೆಗೆ ಗರಿಷ್ಠ ಒಂದು ತಿಂಗಳ ಅವಕಾಶವಿದೆ. ಮತಪ್ರಚಾರಕ್ಕೆ ಅದನ್ನು ಬಳಸುವಂತಿಲ್ಲ. ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಹೊಂದಿದವರೂ ಮಿಶನರಿ ಚಟುವಟಿಕೆಗೆ ವಿಶೇಷ ಅನುಮತಿ ಪಡೆಯಬೇಕೆಂದು 2021ರ ಅಧಿಸೂಚನೆ ತಿಳಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರಾಥಮಿಕ ಶಿಕ್ಷಕರಿಗೆ ಕನಿಷ್ಠ ಅರ್ಹತೆಯನ್ನು ವಿಧಿಸಿರುವುದರಿಂದ, ಅಲ್ಪಕಾಲಕ್ಕೆ ಬರುವ ಸ್ವಯಂಸೇವಕರು ತರಗತಿಯ ಶಿಕ್ಷಕರಿಗೆ ಸಹಾಯಕರಾಗಬಹುದೇ ಹೊರತು ಅವರ ಸ್ಥಾನವನ್ನು ತುಂಬಲಾರರು.

ಮೌಲ್ಯಮಾಪನ

ಮಿಶನ್ ಶಾಲೆಗಳ ವಿದೇಶಿ ಶಿಕ್ಷಕರ ಕುರಿತು ಎರಡು ಅತಿರೇಕದ ಅಭಿಪ್ರಾಯಗಳು ಪ್ರಚಲಿತವಾಗಿವೆ. ಅವರೇ ಕನ್ನಡಿಗರಿಗೆ ಅಕ್ಷರ ಕಲಿಸಿದರೆಂಬುದು ಐಗಳ ಮಠಗಳನ್ನೂ ಸ್ಥಳೀಯ ಉಪಾಧ್ಯಾಯರನ್ನೂ ಮರೆಸುತ್ತದೆ. ಅವರು ಮಾಡಿದ್ದೆಲ್ಲವೂ ಮತಾಂತರದ ತಂತ್ರವೆಂಬುದು ನಿಘಂಟು, ಪತ್ರಿಕೆ, ಬಾಲಕಿಯರ ಶಾಲೆಗಳನ್ನು ಕಡೆಗಣಿಸುತ್ತದೆ. ಹೆಚ್ಚು ಕಾಲ ಉಳಿದ ಕೆಲಸ ಮಾಡಿದವರು ಮಕ್ಕಳ ಭಾಷೆಯನ್ನು ತಾವು ಮೊದಲು ಕಲಿತವರು, ವರ್ಷಗಟ್ಟಲೆ ಇಲ್ಲಿಯೇ ನಿಂತವರು ಮತ್ತು ತಮ್ಮ ಅನಂತರ ಶಾಲೆ ನಡೆಸಬಲ್ಲವರನ್ನು ಇಲ್ಲಿಯೇ ತಯಾರು ಮಾಡಿದವರು.

ಈ ಪ್ರವಾಹ ಈಗ ಹಿಮ್ಮುಖವಾಗಿಯೂ ಹರಿಯುತ್ತಿದೆ. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಾರತೀಯ ಸಿಸ್ಟರುಗಳು ಇಂದು ಶ್ರೀಲಂಕಾ, ಕುವೈತ್, ಬಹರೇನ್‌ಗಳಲ್ಲಿ ಶಾಲೆಗಳನ್ನು ನಡೆಸುತ್ತಿದ್ದಾರೆ. ಪರದೇಶದ ಮಗುವಿನ ಎದುರು ನಿಲ್ಲುವ ಶಿಕ್ಷಕಿ ಮೊದಲು ಏನನ್ನು ಕಲಿಯಬೇಕೆಂಬ ಪ್ರಶ್ನೆ ಈಗ ಅವರದೂ ಆಗಿದೆ.