ಬಿಸಿಲೂರಿನ ಮನೆಗೆ ತವರುಮನೆಯ ಅಡಮಾನ

ಸ್ಪೇನಿನ ಮೆಡಿಟರೇನಿಯನ್ ಕರಾವಳಿಯಲ್ಲಿ ಬ್ರಿಟಿಷರು ರಜೆಯ ಮನೆ ಕೊಂಡ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹವಾಮಾನದಿಂದ ಶುರುಮಾಡುತ್ತಾರೆ. ಮಳೆಗೆ ಬೇಸತ್ತ ಜನ, ಧಾರಾಳ ಬಿಸಿಲಿನ ಊರು, ನಡುವೆ ಅಗ್ಗದ ವಿಮಾನ. ಇಷ್ಟಿದ್ದ ಮೇಲೆ ಮನೆ ಕೊಳ್ಳುವುದು ಸಹಜವಲ್ಲವೇ ಎಂಬುದು ಅವರ ಲೆಕ್ಕ. ಈ ಲೆಕ್ಕ ಇಸವಿಗಳ ಜೊತೆ ತಾಳೆಯಾಗುವುದಿಲ್ಲ. 1956ರಷ್ಟು ಹಿಂದೆಯೇ ಬೆನಿಡಾರ್ಮ್‌ನ ಮೇಯರ್ ಪೆದ್ರೊ ಸರಗೋಸಾ ಮೀನುಗಾರರ ಊರೊಂದನ್ನು ಬಹುಮಹಡಿ ನಗರವಾಗಿಸುವ ಯೋಜನೆ ಹಾಕಿಸಿದ್ದರು. 1960ರಲ್ಲಿ ಸ್ಪೇನಿಗೆ ಬಂದ ವಿದೇಶಿಯರು ಸುಮಾರು 60 ಲಕ್ಷ. 1973ರ ಹೊತ್ತಿಗೆ ಅದು 3 ಕೋಟಿ 40 ಲಕ್ಷ ದಾಟಿತ್ತು. ಬಿಸಿಲಿತ್ತು, ವಿಮಾನವಿತ್ತು, ಜನವೂ ಇದ್ದರು. ಆದರೂ ಅಲ್ಲಿಗೆ ಬಂದ ಬ್ರಿಟಿಷರಲ್ಲಿ ಬಹುಪಾಲು ಮಂದಿ ಹದಿನೈದು ದಿನ ಹೋಟೆಲಿನಲ್ಲಿ ಮಲಗಿ ಊರಿಗೆ ಮರಳುತ್ತಿದ್ದರು. ಯಾರು, ಯಾವಾಗ ಅಲ್ಲಿ ಮನೆ ಕೊಂಡರೆಂಬುದನ್ನು ತೀರ್ಮಾನಿಸಿದ್ದು ಹಣ ಗಡಿ ದಾಟುವ ಕಾನೂನು. ಆ ಕಾನೂನು ಸಡಿಲವಾದ ಮೇಲೂ ಸಾಲದ ಭಾರವನ್ನು ಹೊತ್ತದ್ದು ಕಡಲ ತೀರದ ಮನೆಗಿಂತ ಹೆಚ್ಚಾಗಿ ತವರಿನಲ್ಲಿದ್ದ ಮನೆ.

1939ರಲ್ಲಿ ಯುದ್ಧದ ತುರ್ತಿಗೆಂದು ಬ್ರಿಟನ್ ತಂದ ವಿದೇಶಿ ವಿನಿಮಯ ನಿಯಂತ್ರಣ 1947ರಲ್ಲಿ ಕಾಯಂ ಕಾಯ್ದೆಯಾಯಿತು. ಪೌಂಡ್ ತನ್ನದೇ ಆದರೂ ಅದನ್ನು ಸ್ಪೇನಿನ ಪೆಸೆಟಾ ಮಾಡಿಕೊಳ್ಳಲು ನಾಗರಿಕನಿಗೆ ಸರ್ಕಾರದ ಅಪ್ಪಣೆ ಬೇಕಿತ್ತು. 1966ರಿಂದ 1969ರ ಕೊನೆಯವರೆಗಂತೂ ಪ್ರವಾಸಕ್ಕೆ ಹೊರಟವನು ಪೌಂಡಿಗೆ ಕಟ್ಟಿಕೊಂಡ ದೇಶಗಳ ಸ್ಟರ್ಲಿಂಗ್ ವಲಯದ ಆಚೆ ಖರ್ಚು ಮಾಡಬಹುದಾಗಿದ್ದದ್ದು ವರ್ಷಕ್ಕೆ 50 ಪೌಂಡ್ ಮಾತ್ರ. ಮನೆ ಕೊಳ್ಳುವವನ ಪಾಡು ಇನ್ನೂ ವಿಚಿತ್ರ. ಅವನಿಗೆ ಅಧಿಕೃತ ದರದಲ್ಲಿ ವಿದೇಶಿ ಹಣ ಸಿಗುತ್ತಿರಲಿಲ್ಲ. ಬ್ರಿಟಿಷರು ತಮ್ಮ ಹಳೆಯ ವಿದೇಶಿ ಆಸ್ತಿ, ಷೇರುಗಳನ್ನು ಮಾರಿದಾಗ ಬಂದ ಹಣವೆಲ್ಲ ಒಂದು ಪ್ರತ್ಯೇಕ ಕೊಳದಲ್ಲಿ ಸುತ್ತುತ್ತಿತ್ತು. ಹೊಸದಾಗಿ ಕೊಳ್ಳುವವನು ಆ ಕೊಳದಿಂದಲೇ ಮೊಗೆಯಬೇಕು, ಅದಕ್ಕೆ ಮೇಲುದರ ತೆರಬೇಕು. ‘ಡಾಲರ್ ಪ್ರೀಮಿಯಂ’ ಎಂದು ಕರೆಯುತ್ತಿದ್ದ ಈ ಮೇಲುದರ 1970ರ ದಶಕದಲ್ಲಿ ಕೆಲವೊಮ್ಮೆ ಮೂರನೇ ಒಂದು ಭಾಗವನ್ನೂ ಮೀರುತ್ತಿತ್ತು. ಶೇ. 35ರಂತೆ ಹಿಡಿದರೂ 5,000 ಪೌಂಡಿನ ಮನೆಗೆ 6,750 ಪೌಂಡ್ ಎಣಿಸಬೇಕು. ಕೈಯಲ್ಲಿ ನಗದು ಇಟ್ಟುಕೊಂಡ ನಿವೃತ್ತ ಅಧಿಕಾರಿಗೋ ವ್ಯಾಪಾರಿಗೋ ಇದು ಸಾಧ್ಯವಾದೀತು. ಸಂಬಳದ ಮೇಲೆ ಸಾಲ ಎತ್ತುವವನ ಕೈಗೆ ಎಟುಕುವ ಮಾತಲ್ಲ.

ಜರ್ಮನ್ನರು, ಡಚ್ಚರು ಅದೇ ಕಾಲದಲ್ಲಿ ಅದೇ ದೇಶದಲ್ಲಿ ಕೊಳ್ಳುತ್ತಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಕೊಳ್ಳುತ್ತಿದ್ದರು, ನಿಜ; ಅದು ನನ್ನ ವಾದಕ್ಕೇ ಬಲ. ಜರ್ಮನ್ ಮಾರ್ಕ್ 1958ರ ಕೊನೆಯಿಂದಲೇ ಪರಿವರ್ತನೆಯಾಗಬಲ್ಲ ನಾಣ್ಯವಾಗಿತ್ತು. ಸಾಲದ್ದಕ್ಕೆ, ಫ್ರಾಂಟ್ಸ್ ಯೋಸೆಫ್ ಸ್ಟ್ರೌಸ್ ಪಶ್ಚಿಮ ಜರ್ಮನಿಯ ಹಣಕಾಸು ಮಂತ್ರಿಯಾಗಿದ್ದ 1968ರಲ್ಲಿ, ಅಭಿವೃದ್ಧಿಶೀಲ ದೇಶಗಳಲ್ಲಿ ಹಣ ಹೂಡುವ ಜರ್ಮನ್ನರಿಗೆ ತೆರಿಗೆ ರಿಯಾಯಿತಿ ಕೊಡುವ ಕಾನೂನು ಬಂತು. ಆ ದೇಶಗಳ ಪಟ್ಟಿಯಲ್ಲಿ ಸ್ಪೇನ್ ಕೂಡ ಇತ್ತು! ಬಡದೇಶಗಳಿಗೆ ನೆರವಾಗಲೆಂದು ಮಾಡಿದ ಕಾನೂನು ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪದ ದಕ್ಷಿಣ ತೀರದಲ್ಲಿ ಸಾಲುಸಾಲು ಅಪಾರ್ಟ್‌ಮೆಂಟುಗಳನ್ನು ಎಬ್ಬಿಸಿತು. ಬಿಸಿಲು ಎರಡೂ ದೇಶದವರಿಗೆ ಒಂದೇ ಆಗಿತ್ತು, ಖಜಾನೆಯ ನಿಯಮ ಬೇರೆಯಾಗಿತ್ತು.

1979ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಜೆಫ್ರಿ ಹೌ ನಾಲ್ಕು ದಶಕಗಳ ನಿಯಂತ್ರಣದಲ್ಲಿ ಉಳಿದದ್ದನ್ನು ಒಂದೇ ಏಟಿಗೆ ತೆಗೆದುಹಾಕಿದರು. ನಮಗೂ ಈ ಬಳ್ಳಿಯ ಬೇರಿನ ಸಂಬಂಧವಿದೆ. 1939ರಲ್ಲಿ ಭಾರತ ರಕ್ಷಣಾ ನಿಯಮಗಳಡಿ ಬಂದ ವಿನಿಮಯ ನಿಯಂತ್ರಣ ಅದೇ ಸ್ಟರ್ಲಿಂಗ್ ವ್ಯವಸ್ಥೆಯ ಭಾಗ. ಇಲ್ಲಿಯೂ 1947ರಲ್ಲೇ ಅದು ಕಾಯ್ದೆಯಾಯಿತು. ಬ್ರಿಟನ್ ಕಡಿದುಹಾಕಿದ್ದನ್ನು ಭಾರತ ಮೆಲ್ಲಗೆ ಸಡಿಲಿಸುತ್ತ ಬಂದಿದೆ. 2004ರಲ್ಲಿ ವರ್ಷಕ್ಕೆ 25,000 ಡಾಲರ್ ಕಳಿಸಲು ರಿಸರ್ವ್ ಬ್ಯಾಂಕ್ ಬಿಟ್ಟಿತು, ಈಗ ಆ ಮಿತಿ 2,50,000. ಆದರೆ ಬೆಂಗಳೂರಿನ ಉದ್ಯೋಗಿ ಆ ಯೋಜನೆಯಡಿ ದುಬೈನಲ್ಲಿ ಫ್ಲ್ಯಾಟ್ ಕೊಳ್ಳಲು ಹಣ ಕಳಿಸಬೇಕೆಂದರೆ ಅದಕ್ಕೆ ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ. ಬ್ರಿಟನ್ನಿನಲ್ಲಿ 1979ರ ನಂತರ ಇಂಥ ತಡೆ ಉಳಿಯಲಿಲ್ಲ, ಮುಂದಿನ ಕಥೆಯೆಲ್ಲ ಅಲ್ಲಿಂದಲೇ ಹೊರಟದ್ದು.

ಬಾಗಿಲು ತೆರೆಯಿತು, ಸಾಲ ಕೊಡುವವರು ಯಾರು? ಸ್ಪೇನಿನ ಬ್ಯಾಂಕುಗಳು ಅಡಮಾನ ಸಾಲಕ್ಕೆ ದೊಡ್ಡದಾಗಿ ಇಳಿದದ್ದು 1981ರ ಅಡಮಾನ ಮಾರುಕಟ್ಟೆ ಕಾಯ್ದೆಯ ನಂತರ, ಬಡ್ಡಿಯೂ ಆಗ ಬಹಳ ದುಬಾರಿ. ವಿದೇಶದಲ್ಲಿ ನೆಲೆಸಿದವರಿಗೆ ಅವು ಸಾಮಾನ್ಯವಾಗಿ ಬೆಲೆಯ ಶೇ. 60–70ರಷ್ಟನ್ನೇ ಕೊಡುತ್ತಿದ್ದವು. ಬ್ರಿಟಿಷ್ ಬ್ಯಾಂಕಿಗೆ ಅಲಿಕಾಂಟೆಯ ಮನೆಯನ್ನು ಅಡವಿಟ್ಟುಕೊಳ್ಳುವ ಧೈರ್ಯ ಕಡಿಮೆ, ಯಾಕೆಂದರೆ ಸಾಲಗಾರ ಕೈಕೊಟ್ಟರೆ ಮನೆ ಹರಾಜಿಗೆ ಸ್ಪೇನಿನ ಕೋರ್ಟಿಗೇ ಅಲೆಯಬೇಕು. ಸುಲಭದ ದಾರಿ ತವರಿನಲ್ಲೇ ಇತ್ತು: ಲೀಡ್ಸ್‌ನಲ್ಲೋ ಕೆಂಟ್‌ನಲ್ಲೋ ಬೆಲೆ ಏರಿ ನಿಂತಿದ್ದ ವಾಸದ ಮನೆಯ ಮೇಲೆ ಇನ್ನೊಂದಿಷ್ಟು ಸಾಲ ಎತ್ತಿ, ಸ್ಪೇನಿಗೆ ನಗದು ಒಯ್ಯುವುದು. ಬಹಳ ಮಂದಿ ನಗದು ಕೊಟ್ಟೇ ಕೊಂಡರು, ಇದರಲ್ಲಿ ಸಾಲದ ಮಾತೇಕೆ ಎನ್ನುವವರು ಇದನ್ನು ಮರೆಯುತ್ತಾರೆ. ಸ್ಪೇನಿನ ನೋಂದಣಿ ಪುಸ್ತಕದಲ್ಲಿ ಋಣಭಾರವಿಲ್ಲವೆಂದು ಕಾಣುವ ಎಷ್ಟೋ ಮನೆಗಳ ಋಣ ಇಂಗ್ಲೆಂಡಿನ ಪುಸ್ತಕದಲ್ಲಿತ್ತು. 1989ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಬಡ್ಡಿದರ ಶೇ. 15 ಮುಟ್ಟಿ, ಅಲ್ಲಿನ ಮನೆಬೆಲೆ ಕುಸಿಯತೊಡಗಿದಾಗ ಇಂಥ ಕುಟುಂಬಗಳಿಗೆ ಆತಂಕ ಎರಡು ಮನೆಗಳದ್ದೂ ಆಯಿತು.

ಕ್ರಯಪತ್ರದ ಮೇಜನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಬದಿ ಮಾರುವವ, ಇನ್ನೊಂದು ಬದಿ ಕೊಳ್ಳುವ ದಂಪತಿ, ನಡುವೆ ನೋಟರಿ. ದಂಪತಿಯ ಕಡತದಲ್ಲಿ ಬ್ಯಾಂಕ್ ಕೊಟ್ಟ ಒಂದು ಪ್ರಮಾಣಪತ್ರ: ಈ ಪೆಸೆಟಾ ವಿದೇಶಿ ಹಣ ತಂದು ಬದಲಿಸಿಕೊಂಡದ್ದು ಎಂಬ ದಾಖಲೆ. ಬಂಡವಾಳದ ಓಡಾಟಕ್ಕೆ ಸ್ಪೇನ್ ಪೂರ್ತಿ ಬಿಡುಗಡೆ ಕೊಡುವ ತನಕ, ಆ ಕಾಗದವಿಲ್ಲದಿದ್ದರೆ ಮುಂದೆ ಮನೆ ಮಾರಿದಾಗ ಹಣವನ್ನು ವಾಪಸ್ ಒಯ್ಯುವುದು ಕಷ್ಟವಾಗುತ್ತಿತ್ತು. ಪತ್ರದಲ್ಲಿ ಬರೆದ ಬೆಲೆ ಒಂದು, ನಿಜದ ಬೆಲೆ ಇನ್ನೊಂದು. ವ್ಯತ್ಯಾಸದ ನೋಟುಗಳು ಲಕೋಟೆಯಲ್ಲಿ. ಅವನ್ನು ಎಣಿಸುವ ಹೊತ್ತಿಗೆ ನೋಟರಿಗೆ ಪಕ್ಕದ ಕೋಣೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತೆಂಬುದು ಆ ಕರಾವಳಿಯಲ್ಲಿ ಎಲ್ಲರೂ ಬಲ್ಲ ಸಂಗತಿ. ಸಬ್‌ರಿಜಿಸ್ಟ್ರಾರ್ ಕಚೇರಿ ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರಿಗೆ ಉಳಿಯಿತೆಂದು ಹಿಗ್ಗಿದ ಕೊಳ್ಳುಗನೇ ಮುಂದೆ ಮಾರುವಾಗ, ಕಾಗದದ ಕಡಿಮೆ ಬೆಲೆಯಿಂದಾಗಿ ಹೆಚ್ಚು ಲಾಭ ತೋರಿಸಿ ಹೆಚ್ಚು ತೆರಿಗೆ ಕಟ್ಟಬೇಕಾಗುತ್ತಿತ್ತು.

ಯೂರೊ ಬಂದ ಮೇಲೆ ಸ್ಪೇನಿನಲ್ಲೇ ಸಾಲ ಅಗ್ಗವಾಯಿತು, ಸಾಲಗಾರರ ಸಾಲು ಬೆಳೆಯಿತು. 2006ರಲ್ಲಿ ದೇಶದಲ್ಲಿ ಕಟ್ಟಲು ಶುರುವಾದ ಮನೆಗಳು 7 ಲಕ್ಷಕ್ಕೂ ಹೆಚ್ಚು. ಸಾಲದ ಕಂತು ಯೂರೊದಲ್ಲಿ, ಸಂಬಳ ಅಥವಾ ಪಿಂಚಣಿ ಪೌಂಡಿನಲ್ಲಿ. 2007ರಲ್ಲಿ ಒಂದು ಪೌಂಡಿಗೆ ಹತ್ತಿರಹತ್ತಿರ 1.50 ಯೂರೊ ಸಿಗುತ್ತಿತ್ತು, 2008ರ ಕೊನೆಗೆ ಎರಡೂ ಹೆಚ್ಚುಕಡಿಮೆ ಸಮ. ತಿಂಗಳಿಗೆ 600 ಯೂರೊ ಕಂತಿದ್ದವನು 400 ಪೌಂಡಿನ ಬದಲು 580ರಷ್ಟು ಕಟ್ಟಬೇಕಾಯಿತು. ಬಡ್ಡಿಯೂ ಇಳಿಯಿತಲ್ಲ, ಅದರಿಂದ ಸರಿಹೋಗಲಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಾಲದ ಬಡ್ಡಿಗೆ ಆಧಾರವಾದ, 2008ರಲ್ಲಿ ಶೇ. 5 ದಾಟಿದ್ದ ಯೂರಿಬೋರ್ ದರ ಮರುವರ್ಷ ಶೇ. 1.5ಕ್ಕಿಂತ ಕೆಳಗಿಳಿಯಿತು. ಆದರೆ ಎಷ್ಟೋ ಸಾಲಪತ್ರಗಳಲ್ಲಿ ಬಡ್ಡಿ ಇಂತಿಷ್ಟಕ್ಕಿಂತ ಇಳಿಯಕೂಡದೆಂಬ ಷರತ್ತು ಅಡಗಿತ್ತು. ಅಂಥ ಷರತ್ತು ಪಾರದರ್ಶಕವಾಗಿಲ್ಲದಿದ್ದರೆ ಅಸಿಂಧುವೆಂದು ಸ್ಪೇನಿನ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಬೀಗದಕೈ ಬ್ಯಾಂಕಿಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ಅಲ್ಲಿನ ಸಿವಿಲ್ ಸಂಹಿತೆಯ ಪ್ರಕಾರ ಸಾಲಗಾರ ಈಗಿರುವ, ಮುಂದೆ ಬರುವ ಎಲ್ಲ ಆಸ್ತಿಯಿಂದಲೂ ಸಾಲಕ್ಕೆ ಹೊಣೆ. ಹಾಗಾಗಿ ಇಂಗ್ಲೆಂಡಿನ ಮನೆ ಮತ್ತೆ ಲೆಕ್ಕಕ್ಕೆ ಬಂತು. ಸಾಲ ಕೊಟ್ಟವರೂ ಉಳಿಯಲಿಲ್ಲ. ಅಲಿಕಾಂಟೆಯ ದೊಡ್ಡ ಉಳಿತಾಯ ಬ್ಯಾಂಕಾದ ಕಾಹಾ ಮೆಡಿಟೆರಾನಿಯೊ 2011ರಲ್ಲಿ ಸರ್ಕಾರದ ವಶವಾಗಿ, ವರ್ಷ ಮುಗಿಯುವುದರೊಳಗೆ ಒಂದು ಯೂರೊಗೆ ಮಾರಾಟವಾಯಿತು.

ಕೊಳ್ಳುವವರ ದುರಾಸೆಯೇ ಇದಕ್ಕೆಲ್ಲ ಮೂಲ, ಕಾನೂನಿನದೇನು ತಪ್ಪು ಎನ್ನುವವರೂ ಇದ್ದಾರೆ. ಅವರು ಸ್ಪೇನಿನ 1968ರ 57ನೇ ಕಾಯ್ದೆಯನ್ನು ಓದಬೇಕು. ಕಟ್ಟುವ ಮೊದಲೇ ಮುಂಗಡ ಪಡೆಯುವ ಬಿಲ್ಡರ್ ಆ ಹಣಕ್ಕೆ ಬ್ಯಾಂಕಿನ ಅಥವಾ ವಿಮೆಯ ಖಾತರಿ ಕೊಡಬೇಕು, ಪ್ರತ್ಯೇಕ ಖಾತೆಯಲ್ಲಿಡಬೇಕು, ಮನೆ ಆಗದಿದ್ದರೆ ಶೇ. 6ರ ಬಡ್ಡಿ ಸಹಿತ ಮರಳಿಸಬೇಕು ಎಂದು ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲೇ ಬರೆದಿಟ್ಟಿದ್ದರು. ಏರಿಕೆಯ ವರ್ಷಗಳಲ್ಲಿ ಬಿಲ್ಡರುಗಳು ಮುಂಗಡ ಪಡೆದರು, ಬ್ಯಾಂಕುಗಳು ಜಮಾ ಮಾಡಿಕೊಂಡವು. ಖಾತರಿಪತ್ರ ಎಷ್ಟೋ ಕೊಳ್ಳುಗರ ಕೈ ಸೇರಲೇ ಇಲ್ಲ. ಖಾತರಿ ಇದೆಯೇ ಎಂದು ಕೇಳದೆ ಹಣ ಜಮಾ ಮಾಡಿಕೊಂಡ ಬ್ಯಾಂಕೇ ಹೊಣೆ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2015ರ ಡಿಸೆಂಬರ್ 21ರಂದು. ಹನ್ನೊಂದು ದಿನ ಕಳೆದು, 2016ರ ಜನವರಿ 1ರಂದು ಆ ಕಾಯ್ದೆಯೇ ರದ್ದಾಗಿ ಹೊಸ ನಿಯಮ ಬಂತು. ಅದರ ಪ್ರಕಾರ ಬಿಲ್ಡರ್ ಖಾತರಿ ಕೊಡಬೇಕಾದದ್ದು ಕಟ್ಟಡದ ಪರವಾನಗಿ ಕೈಗೆ ಬಂದ ಮೇಲೆ.